ಮೂರು ರಾತ್ರಿ ಮಲಗದ ಹಾಸಿಗೆ

ಬೆಡ್‌ಶೀಟ್ ಮುಟ್ಟಿ ನೋಡಿ ಅದರ ಮೇಲೆ ಮಲಗಿದವರ ಜಾತಕ ಹೇಳಬಲ್ಲೆ ಎಂದು ನಾನು ಬೀಗುತ್ತಿದ್ದೆ. ಬರೀ ಬಾಯಿಬಡಾಯಿ ಅಲ್ಲ, ಹೇಳಿಯೂ ಹೇಳುತ್ತಿದ್ದೆ. ಯಾರಿಗೆ ಜ್ವರ ಬಂದು ಬೆವರಿತ್ತು, ಯಾರು ರಾತ್ರಿಯಿಡೀ ಹೊರಳಾಡಿದರು, ಯಾರು ಕಾಲು ತೊಳೆಯದೆ ಮಲಗಿದರು, ಎಲ್ಲವೂ ಬಟ್ಟೆಯಲ್ಲಿ ಬರೆದಿರುತ್ತದೆ. ಓದಲು ಬರಬೇಕು ಅಷ್ಟೆ. ಸ್ಕೂಲಿನ ಓದು ನನಗೆ ನಾಲ್ಕನೇ ಕ್ಲಾಸಿಗೆ ಮುಗಿಯಿತು, ಆದರೆ ಈ ಓದಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಮನೆ ಇಲ್ಲದ ಹೆಂಗಸರು ರಾತ್ರಿ ತಂಗುವ ಮನೆಯೊಂದರಲ್ಲಿ ನಾನು ಬಟ್ಟೆ ಒಗೆಯುವ ಕೆಲಸದಲ್ಲಿದ್ದೇನೆ. ಹನ್ನೊಂದು ವರ್ಷವಾಯಿತು. ಮೇಲಿನ ಮಹಡಿಯಲ್ಲಿ ಇಪ್ಪತ್ತೆರಡು ಮಂಚ, ಕೆಳಗೆ ಊಟದ ಕೋಣೆ ಮತ್ತು ಆಫೀಸು, ಹಿತ್ತಲ ಕಡೆ ನನ್ನ ಒಗೆಯುವ ಕೋಣೆ. ಅಲ್ಲಿ ಎರಡು ಮಷೀನು, ಒಂದು ಉದ್ದನೆಯ ಇಸ್ತ್ರಿ ಮೇಜು, ಒಂದು ನಲ್ಲಿ, ಮತ್ತು ನಾನು. ಒಂದು ವರ್ಷ ತಿಗಣೆ ಕಾಟ ವಿಪರೀತವಾಗಿ ಎಲ್ಲರೂ ಮೈ ಕೆರೆದುಕೊಂಡು ಓಡಾಡುವಂತಾದ ಮೇಲೆ, ಎಲ್ಲ ಬೆಡ್‌ಶೀಟನ್ನೂ ದಿನಾ ಬಿಸಿನೀರಲ್ಲಿ ಒಗೆದು, ಕಾದ ಇಸ್ತ್ರಿ ಹಾಯಿಸಿ ಕೊಡಬೇಕೆಂದು ಆಯಿತು. ಬೆಳಗ್ಗೆ ಏಳಕ್ಕೆ ಹೆಂಗಸರು ತಮ್ಮ ತಮ್ಮ ಬೆಡ್‌ಶೀಟ್ ಬಿಚ್ಚಿ ಬುಟ್ಟಿಗೆ ಹಾಕುತ್ತಾರೆ, ಎಂಟಕ್ಕೆ ಹೊರಗೆ ಹೋಗುತ್ತಾರೆ, ಸಂಜೆ ಐದಕ್ಕೆ ಬಂದು ನಾನು ಮಡಿಸಿಟ್ಟಿದ್ದನ್ನು ಒಯ್ಯುತ್ತಾರೆ. ಮೂಲೆಯಲ್ಲಿ ಕೆಂಪು ದಾರದ ನಂಬರು ನಾನೇ ಹೊಲಿದದ್ದು.

ನನ್ನ ಓದನ್ನು ಮೊದಲು ಕೆಲಸಕ್ಕೆ ಹಚ್ಚಿದವರು ಮ್ಯಾನೇಜರ್. ಒಳ್ಳೆಯ ಮನುಷ್ಯ. ಯಾರ ಮೇಲೂ ದನಿ ಎತ್ತಿದವರಲ್ಲ, ಯಾರಿಗೂ ಒಂದಿಂಚು ಹೆಚ್ಚು ಕಡಿಮೆ ಮಾಡಿದವರೂ ಅಲ್ಲ. ಹೆಂಗಸರು ಬೆನ್ನ ಹಿಂದೆ ಅವರನ್ನು ರೂಲ್ಸಪ್ಪ ಎನ್ನುತ್ತಾರೆ. ಊಟದ ಕೋಣೆಯ ಗೋಡೆಗೆ ಎಂಟು ನಿಯಮಗಳ ಬೋರ್ಡು ಹಾಕಿಸಿದ್ದರು. ಅದರಲ್ಲಿ ಎರಡು ಈ ಕತೆಗೆ ಬೇಕು. ನಾಲ್ಕನೆಯದು: ಹಾಸಿಗೆ ಹೊಲಸು ಮಾಡಿದವರು ಹಾಸಿಗೆ ಬಿಡಬೇಕು. ಐದನೆಯದು: ಮೂರು ರಾತ್ರಿ ಮಲಗದ ಹಾಸಿಗೆ ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ.

ನಾಲ್ಕನೆಯದನ್ನು ಮಾಡಿದ್ದು ಇವರೇ ನೋಡಿಕೊಳ್ಳುವ ಪಕ್ಕದ ಗಂಡಸರ ಕಟ್ಟಡಕ್ಕೆ. ಅಲ್ಲಿ ಕುಡಿದು ಬಂದು ಹಾಸಿಗೆಯಲ್ಲೇ ಎಲ್ಲ ಮುಗಿಸುವ ಮಹರಾಯರಿದ್ದರು. ಬೋರ್ಡು ಬರೆಯುವವನನ್ನು ಹೇಗೂ ಕರೆಸಿದ್ದಾಯಿತು, ಎರಡು ಬರೆಸಿಬಿಡೋಣ ಎಂದು ಅಲ್ಲೊಂದು ಇಲ್ಲೊಂದು ತೂಗುಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ.

ಐದನೆಯದಕ್ಕೆ ಬೇರೆ ಕಾರಣವಿತ್ತು. ಪಟ್ಟಿಯಲ್ಲಿ ಯಾವಾಗಲೂ ಮೂವತ್ತು ನಲವತ್ತು ಹೆಸರು ಕಾಯುತ್ತಿರುತ್ತವೆ. ಕೆಲವು ಹೆಂಗಸರು ಸಂಜೆ ಬಂದು ಸಹಿ ಹಾಕಿ, ಊಟ ಮಾಡಿ, ಬೆಡ್‌ಶೀಟ್ ಹಾಸಿದಂತೆ ಮಾಡಿ, ಹಿಂದಿನ ಮೆಟ್ಟಿಲಿಳಿದು ಗೆಳತಿಯ ಮನೆಗೋ ಗೆಳೆಯನ ಮನೆಗೋ ಹೋಗಿಬಿಡುತ್ತಿದ್ದರು. ಅಲ್ಲಿ ಜಗಳವಾದರೆ ಇಲ್ಲೊಂದು ಹಾಸಿಗೆ ಇರಲಿ ಎಂದು. ರಾತ್ರಿ ಕಾವಲಿನವಳಿಗೆ ಮಂಡಿನೋವು, ಮೇಲೆ ಹತ್ತುವವಳಲ್ಲ. ಹಾಗಾಗಿ ಮ್ಯಾನೇಜರ್ ಒಂದು ದಿನ ನನ್ನನ್ನು ಕರೆದು, "ಅಕ್ಕ, ಸಹಿ ಸುಳ್ಳು ಹೇಳುತ್ತೆ. ಬಟ್ಟೆ ಹೇಳುತ್ತಾ?" ಎಂದು ಕೇಳಿದರು.

"ಬಟ್ಟೆ ಸುಳ್ಳು ಹೇಳಲ್ಲ ಸಾರ್," ಎಂದೆ.

ನಾನು ಇಸ್ತ್ರಿ ಮಾಡಿದ ಬೆಡ್‌ಶೀಟಿನಲ್ಲಿ ಮಡಿಕೆಯ ಗೆರೆ ನಾಲ್ಕು ಇರುತ್ತವೆ, ಚಾಕುವಿನಲ್ಲಿ ಕೊಯ್ದ ಹಾಗೆ. ಒಬ್ಬರು ಅದರ ಮೇಲೆ ಒಂದು ರಾತ್ರಿ ಮಲಗಿದರೆ ಮೈಯ ಬಿಸಿಗೆ ನಡುವಿನ ಎರಡು ಗೆರೆ ಕರಗಿಹೋಗುತ್ತವೆ. ಕೈಯಲ್ಲಿ ಎಷ್ಟೇ ಮುದ್ದೆ ಮಾಡಿ ಹಾಕಿದರೂ ಆ ಗೆರೆ ಹೋಗುವುದಿಲ್ಲ. ಇದು ನನಗೂ ಮ್ಯಾನೇಜರ್‌ಗೂ ಮಾತ್ರ ಗೊತ್ತಿದ್ದ ಗುಟ್ಟು. ಮೂರು ದಿನ ಗೆರೆ ಹಾಗೇ ಬಂದರೆ ನಾನು ಆಫೀಸಿಗೆ ಹೋಗಿ ನಂಬರು ಹೇಳುತ್ತಿದ್ದೆ, ಅವರು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ. ನಂಬರು ಅಷ್ಟೇ.

ಹದಿನಾಲ್ಕನೇ ನಂಬರಿನವಳು ಬಂದು ಒಂದು ತಿಂಗಳೂ ಆಗಿರಲಿಲ್ಲ. ಏಳು ವಾರ ಪಟ್ಟಿಯಲ್ಲಿ ಕಾದು ಸಿಕ್ಕಿದ ಹಾಸಿಗೆ. ವಯಸ್ಸು ಮೂವತ್ತರ ಆಸುಪಾಸು, ಸಣಕಲು ಮೈ, ಕಾಲಿಗೆ ಮಾತ್ರ ಯಾವನೋ ಭೀಮನದ್ದಿರಬೇಕು, ಅಷ್ಟು ದೊಡ್ಡ ಗಂಡಸರ ಬೂಟು. ನಡೆದರೆ ಮೆಟ್ಟಿಲೆಲ್ಲ ಡಬಡಬ. ಎಲ್ಲರೂ ಅವಳನ್ನು ಬೂಟಮ್ಮ ಎಂದರು, ಅವಳೂ ಆ ಹೆಸರಿಗೆ ಓಗೊಟ್ಟಳು. ಮಾತು ಕಡಿಮೆ. ಮಂಚ ಗೋಡೆಯ ಪಕ್ಕದ ಮೂಲೆಯಲ್ಲಿ. ಒಬ್ಬರ ಕಣ್ಣಿಗೂ ಬೀಳದ ಜಾಗ.

ಒಂದು ಮಂಗಳವಾರ ಬೆಳಗ್ಗೆ ಬುಟ್ಟಿಗೆ ಬಟ್ಟೆ ಹಾಕಲು ಬಂದವಳು ಬಾಗಿಲಲ್ಲೇ ನಿಂತಳು. "ಅಕ್ಕ, ಹಳೇ ಬಟ್ಟೆ ಚೂರು ಏನಾದ್ರೂ ಇದೆಯಾ?"

"ಯಾಕೆ?"

"ಬೂಟು ಒರೆಸೋಕೆ."

ಹರಿದ ಬೆಡ್‌ಶೀಟುಗಳನ್ನು ನಾನು ಚೌಕವಾಗಿ ಕತ್ತರಿಸಿ ಪಕ್ಕದ ಗ್ಯಾರೇಜಿನವನಿಗೆ ಕೊಡುತ್ತೇನೆ. ಅವನು ಕೈ ಒರೆಸಿಕೊಳ್ಳಲು ಇಟ್ಟುಕೊಳ್ಳುತ್ತಾನೆ, ಬದಲಿಗೆ ನನ್ನ ಮಷೀನು ಕಿರುಗುಟ್ಟಿದಾಗ ಬಂದು ನೋಡುತ್ತಾನೆ. ಮೇಜಿನ ಕೆಳಗೆ ಅಂಥ ಚೂರುಗಳ ಒಂದು ಚೀಲವೇ ಇತ್ತು. ಅವಳ ಕಣ್ಣು ಅದರ ಮೇಲಿತ್ತು. ಆವತ್ತು ಬೆಳಗ್ಗೆ ಒಂದು ಮಷೀನು ಕೆಟ್ಟು ನನ್ನ ತಲೆಯೂ ಕೆಟ್ಟಿತ್ತು.

"ಬೂಟಿಗೆ ಇಷ್ಟು ಉಪಚಾರನಾ? ಅದೆಲ್ಲ ಗ್ಯಾರೇಜಿಗೆ ಹೋಗೋದು. ಹೋಗಮ್ಮ, ಹೋಗು," ಎಂದೆ.

ಅವಳು ಬುಟ್ಟಿಗೆ ಬಟ್ಟೆ ಹಾಕಿ ಹೋದಳು. ಅವಳ ಬೆಡ್‌ಶೀಟ್ ಎತ್ತಿಕೊಂಡಾಗ ನಾಲ್ಕು ಗೆರೆಯೂ ನೆಟ್ಟಗಿದ್ದವು. ಓಹೋ, ಬೂಟು ಹೊಳೆಸುವುದು ಯಾರಿಗಾಗಿ ಎಂದು ಈಗ ತಿಳಿಯಿತು ಎಂದುಕೊಂಡೆ. ಬುಧವಾರವೂ ಗೆರೆ ಹಾಗೇ ಇತ್ತು. ಗುರುವಾರವೂ.

ಗುರುವಾರ ಹತ್ತು ಗಂಟೆಗೆ ಕೈ ಒರೆಸಿಕೊಂಡು ಆಫೀಸಿಗೆ ಹೋದೆ. "ಹದಿನಾಲ್ಕು, ಸಾರ್. ಮೂರು ರಾತ್ರಿ ಆಯ್ತು."

"ಖಂಡಿತಾನಾ ಅಕ್ಕ?"

"ನನ್ನ ಇಸ್ತ್ರಿ ನಂಗೆ ಗೊತ್ತಿಲ್ವಾ ಸಾರ್?"

ಅವರು ಪುಸ್ತಕದಲ್ಲಿ ಬರೆದುಕೊಂಡರು. ಪಟ್ಟಿಯಲ್ಲಿ ಮುಂದೆ ಇರುವ ಅಜ್ಜಿಗೆ ಶನಿವಾರ ಬೆಳಗ್ಗೆ ಬರಲು ಹೇಳುತ್ತೇನೆ ಎಂದರು. ಹದಿನಾಲ್ಕರವಳಿಗೆ ಅವತ್ತೇ ತಿಳಿಸಿದರಾಯಿತು, ಮೊದಲೇ ಹೇಳಿದರೆ ಅಳು ರಂಪ ಎಂದೂ ಅಂದರು. ನಾನು ಖುಷಿಯಲ್ಲೇ ಹಿಂದಿರುಗಿದೆ. ಚಳಿಯಲ್ಲಿ ಕಾಯುತ್ತಿರುವ ಯಾವುದೋ ಅಜ್ಜಿಗೆ ನನ್ನಿಂದ ಹಾಸಿಗೆ ಸಿಕ್ಕಿತಲ್ಲ. ಪುಣ್ಯದ ಕೆಲಸ ಮಾಡಿದವಳ ಹಾಗೆ ಮಧ್ಯಾಹ್ನ ಎರಡು ತುತ್ತು ಹೆಚ್ಚೇ ಉಂಡೆ.

ಶುಕ್ರವಾರ ನಾನು ಬೇಗ ಬಂದೆ, ಆರೂಕಾಲಕ್ಕೇ. ಒಗೆಯುವ ಕೋಣೆಯಲ್ಲಿ ನೀರಿನ ಸದ್ದು. ನಲ್ಲಿಯ ಕೆಳಗೆ ಬೂಟಮ್ಮ ಕುಕ್ಕರಗಾಲಲ್ಲಿ ಕೂತು ಏನನ್ನೋ ಉಜ್ಜುತ್ತಿದ್ದಳು. ಪಕ್ಕದಲ್ಲಿ ನನ್ನ ಸೋಪು.

"ಯಾರನ್ನ ಕೇಳಿ ಸೋಪು ಮುಟ್ಟಿದೆ?" ಎಂದು ಗದರಿದೆ.

ಅವಳು ಬೆಚ್ಚಿ ಎದ್ದು ಕೈ ಬೆನ್ನ ಹಿಂದೆ ಮಾಡಿದಳು. ಕದ್ದವಳು ಸಿಕ್ಕಿಬಿದ್ದಳು ಎಂದು ನಾನು ಇನ್ನೂ ಎರಡು ಹೆಜ್ಜೆ ಮುಂದೆ ಹೋದೆ. ಆಗ ನೆಲದ ಮೇಲಿನ ನೀರು ಕಂಡಿತು. ತಿಳಿಗೆಂಪಾಗಿ ಮೋರಿಯ ಕಡೆ ಹರಿಯುತ್ತಿತ್ತು.

ಹೆಂಗಸಾಗಿ ಹುಟ್ಟಿದವರಿಗೆ ಆ ನೀರನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನನಗೆ ನಿಂತು ಒಂಬತ್ತು ವರ್ಷ. ಬಸ್ಸಿಳಿದ ಮೇಲೆ ಬಸ್ಸಿನ ನಂಬರು ಮರೆತ ಹಾಗೆ ನಾನು ಆ ನಾಲ್ಕು ದಿನಗಳನ್ನು ಪೂರ್ತಿ ಮರೆತಿದ್ದೆ.

"ತೋರಿಸು," ಎಂದೆ. ದನಿ ಮೆತ್ತಗಾಗಿತ್ತು.

ಅವಳು ಕೈ ಮುಂದೆ ತಂದಳು. ಅವಳ ಕೋಟಿನ ಒಳಗಿನ ಅಸ್ತರು. ತೋಳಿನದ್ದೂ ಬೆನ್ನಿನದ್ದೂ ಬಿಚ್ಚಿ ನಾಲ್ಕು ಪದರ ಮಾಡಿ ಹೊಲಿದಿದ್ದಳು. ಜಾರುವ ಬಟ್ಟೆ, ಒಂದು ತೊಟ್ಟು ಹೀರುವಂಥದ್ದಲ್ಲ. ಅದರ ನಡುವೆ ಹಳೆಯ ಪೇಪರು ತುರುಕಿದ್ದಳು, ಅದು ಕಿತ್ತು ಬಂದು ಬೆರಳಿಗೆಲ್ಲ ಅಂಟಿತ್ತು.

"ಮೊದಲು ಬಸ್‌ಸ್ಟ್ಯಾಂಡಿನ ಟಾಯ್ಲೆಟ್ಟಲ್ಲಿ ಪೇಪರ್ ಸುರುಳಿ ಸಿಗ್ತಿತ್ತು ಅಕ್ಕ, ಈಗ ಅಲ್ಲೂ ಇಡೋದಿಲ್ಲ," ಎಂದಳು. "ಸೋಪು ಒಂಚೂರೇ ತಗೊಂಡಿದ್ದು."

"ಇಲ್ಲಿ ಕೇಳೋದಲ್ವಾ? ಆಫೀಸಲ್ಲಿ ಸಾಮಾನಿನ ಕಪಾಟಿದೆಯಲ್ಲ."

"ಕೇಳಿದ್ದೆ, ಏನೇನಿದೆ ಅಂತ. ಟೂತ್‌ಪೇಸ್ಟು, ಬಾಚಣಿಗೆ, ಗಡ್ಡ ಕೆರೆಯೋ ಬ್ಲೇಡು ಇದೆ ಅಂದ್ರು ಸಾರ್." ಅವಳು ಸ್ವಲ್ಪ ನಕ್ಕಳು. "ಗಡ್ಡಕ್ಕೆ ಇನ್ನೂ ಟೈಮಿದೆ ಅಂತ ಬಂದುಬಿಟ್ಟೆ. ಗಂಡಸರ ಹತ್ರ ಅದನ್ನ ಹೆಂಗೆ ಕೇಳೋದು?"

ನಾನು ನಗಲಿಲ್ಲ. ಇನ್ನೊಂದು ವಿಷಯ ನನ್ನ ತಲೆಯಲ್ಲಿ ಮೆಲ್ಲಗೆ ಮೇಲೇಳುತ್ತಿತ್ತು. "ನೀನು ರಾತ್ರಿ ಎಲ್ಲಿ ಮಲಗ್ತಿದ್ದೀಯ?" ಎಂದು ಕೇಳಿದೆ.

"ನೆಲದ ಮೇಲೆ. ಮಂಚಕ್ಕೂ ಗೋಡೆಗೂ ಮಧ್ಯ ಜಾಗ ಇದೆ. ರಟ್ಟು ಹಾಕ್ಕೊಂಡು ಮಲಗ್ತೀನಿ." ಅವಳು ನನ್ನ ಮುಖ ನೋಡಿ ಗಾಬರಿಯಾಗಿ ಮುಂದುವರಿಸಿದಳು. "ನೆಲ ಹೊಲಸು ಮಾಡಿಲ್ಲ ಅಕ್ಕ, ಎದ್ದ ತಕ್ಷಣ ಒರೆಸ್ತೀನಿ. ಬೆಡ್‌ಶೀಟ್ ಮುಟ್ಟೇ ಇಲ್ಲ, ನೀಟಾಗಿ ಹಾಸಿ ಹಂಗೇ ತೆಗೆದಿದ್ದೀನಿ. ನಾಲ್ಕನೇ ರೂಲ್ಸ್ ಇದೆಯಲ್ಲ. ಒಂದು ಕಲೆ ಆದ್ರೂ ಹಾಸಿಗೆ ಹೋಗುತ್ತೆ."

ಹಾಸಿಗೆ ಉಳಿಸಿಕೊಳ್ಳಲು ಹಾಸಿಗೆ ಬಿಟ್ಟು ಮಲಗಿದ್ದಳು. ಅದನ್ನೇ ನಾನು ಹಿಂದಿನ ದಿನ ಹೋಗಿ ಹೇಳಿ ಬಂದಿದ್ದೆ.

ನಾಚಿಕೆಯಾಯಿತು ಎಂದರೆ ಸಾಲದು. ಹೇಳಿಬಿಡಬೇಕಿತ್ತು, ಆಗಲೇ, ಅಲ್ಲೇ. ಹೇಳಲಿಲ್ಲ. ಮೇಜಿನ ಕೆಳಗಿನ ಚೀಲ ಎಳೆದು ಬಟ್ಟೆ ಚೂರುಗಳನ್ನೆಲ್ಲ ಅವಳ ಮುಂದೆ ಸುರಿದೆ.

"ಇಷ್ಟೊಂದು ಯಾಕಕ್ಕ? ಗ್ಯಾರೇಜಿಗೆ?"

"ಗ್ಯಾರೇಜಿನವನು ಪ್ಯಾಂಟಿಗೆ ಒರೆಸ್ಕೊಳ್ಳಲಿ."

ಅವಳು ಎಂಟು ಚೂರು ಮಾತ್ರ ಎಣಿಸಿ ತೆಗೆದುಕೊಂಡಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು. "ಸಾರ್‌ಗೆ ಹೇಳಬೇಡಿ ಅಕ್ಕ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ಯೋಚಿಸಿ ಒಂಬತ್ತೂವರೆಗೆ ಆಫೀಸಿಗೆ ಹೋದೆ. "ಸಾರ್, ಹದಿನಾಲ್ಕರ ವಿಷಯ. ನಂದೇ ತಪ್ಪಾಯ್ತು. ಅವಳು ಮಲಗಿದ್ದಾಳೆ. ನಾನು ಬೇರೆ ಬೆಡ್‌ಶೀಟ್ ನೋಡಿ ಹೇಳಿಬಿಟ್ಟೆ."

ಮ್ಯಾನೇಜರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಕ್ಕ, ಇಷ್ಟು ವರ್ಷದಲ್ಲಿ ನೀವು ಒಂದು ನಂಬರು ತಪ್ಪು ಹೇಳಿಲ್ಲ. ಪಾಪ ಅನ್ನಿಸಿ ಈಗ ಹಿಂಗೆ ಹೇಳ್ತಿದ್ದೀರ. ನಂಗೂ ಪಾಪ ಅನ್ನಿಸುತ್ತೆ. ಆದ್ರೆ ಆ ಅಜ್ಜಿ ರೈಲ್ವೆ ಸ್ಟೇಷನ್‌ನಲ್ಲಿ ಮಲಗ್ತಿದ್ದಾರೆ, ಅವರೂ ಪಾಪ ಅಲ್ವಾ?"

ಊರೆಲ್ಲ ಹೊಗಳಲಿ ಎಂದು ಇಷ್ಟು ವರ್ಷ ಬೆಳೆಸಿಕೊಂಡ ಹೆಸರು ಆವತ್ತು ನನಗೇ ಅಡ್ಡ ಬಂತು. ಅವರು ಮತ್ತೆ ಕನ್ನಡಕ ಹಾಕಿಕೊಂಡರು.

ಸಂಜೆ ಮನೆಗೆ ಹೋದವಳು ಸೀದಾ ಬಚ್ಚಲುಮನೆಗೆ ನುಗ್ಗಿದೆ. ನಮ್ಮದು ಎರಡು ಕೋಣೆಯ ಮನೆ, ನಾನು ಮತ್ತು ನನ್ನ ಮಗಳು ಇಬ್ಬರೇ. ಅವಳು ಬೇಕರಿಯೊಂದರಲ್ಲಿ ಬ್ರೆಡ್ ಕತ್ತರಿಸಿ ಪ್ಯಾಕ್ ಮಾಡುತ್ತಾಳೆ. ಬಚ್ಚಲಿನ ಗೂಡಿನಲ್ಲಿ ಅವಳ ಪ್ಯಾಡಿನ ಪ್ಯಾಕೆಟ್ಟುಗಳು ಶ್ಯಾಂಪೂ ಬಾಟಲಿಯ ಹಿಂದೆ ಇರುತ್ತವೆ. ದಿನಾ ಕಣ್ಣೆದುರೇ ಇದ್ದರೂ ನಾನು ನೋಡಿರಲಿಲ್ಲ. ಎರಡು ಪ್ಯಾಕೆಟ್ ಎತ್ತಿಕೊಂಡು ಹೊರಗೆ ಬರುವಾಗ ಅವಳು ಎದುರಾದಳು.

"ಅಮ್ಮ, ನಿಂಗೆ ಈಗ ಯಾಕೆ ಇದು? ಏನಾದ್ರೂ ಪವಾಡ ಆಯ್ತಾ?"

"ಬಾಯಿಮುಚ್ಚು," ಎಂದು ಕೂತು ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಅವಳು ನನ್ನ ಪಕ್ಕದಲ್ಲಿ ಕೂತು ಪ್ಯಾಕೆಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

"ಸುಳ್ಳು ಯಾಕೆ ಹೇಳೋಕೆ ಹೋದೆ? ನಿಜ ಹೇಳಿದ್ರೆ ಏನಾಗ್ತಿತ್ತು?"

"ಅವಳು ಹೇಳಬೇಡ ಅಂದಳು."

"ಅವಳಿಗೆ ನೀನು ಏನು ಮಾಡಿದ್ದೀಯ ಅಂತ ಗೊತ್ತಿದ್ದೂ ಹೇಳಬೇಡ ಅಂದಳಾ?"

ನಾನು ಸೆರಗಿನಲ್ಲಿ ಮೂಗು ಒರೆಸಿಕೊಂಡೆ.

"ಮೊದಲು ಅವಳಿಗೆ ಹೇಳು," ಎಂದಳು ಮಗಳು. "ನಾಚಿಕೆನಾ, ಹಾಸಿಗೆನಾ, ಯಾವುದು ಬಿಡೋದು ಅಂತ ಅವಳೇ ನೋಡ್ಕೊಳ್ಳಲಿ. ನೀನ್ಯಾಕೆ ನಡುವೆ?" ಬೆಳೆದ ಮಕ್ಕಳು ಬುದ್ಧಿ ಹೇಳಿದರೆ ಮೈ ಉರಿಯುತ್ತದೆ, ಅದು ಸರಿ ಇದ್ದರೆ ಇನ್ನೂ ಹೆಚ್ಚು ಉರಿಯುತ್ತದೆ. ಅವಳು ಎದ್ದು ಹೋಗಿ ಇನ್ನೂ ಒಂದು ಪ್ಯಾಕೆಟ್ ತಂದು ನನ್ನ ಚೀಲಕ್ಕೆ ಹಾಕಿದಳು.

ಶನಿವಾರ ಬೆಳಗ್ಗೆ ಏಳಕ್ಕೆ ಮೊದಲೇ ಆ ಅಜ್ಜಿ ಬಂದು ಆಫೀಸಿನ ಮುಂದಿನ ಬೆಂಚಿನ ಮೇಲೆ ಕೂತಿದ್ದರು. ಕಾಲ ಬಳಿ ಹಗ್ಗ ಕಟ್ಟಿದ ಚೀಲ. ನನ್ನನ್ನು ನೋಡಿ, "ಮಂಚ ಮೇಲಿನ ಮಹಡಿಯಲ್ಲಾ ಮಗಳೇ? ಕಿಟಕಿ ಇದೆಯಾ?" ಎಂದು ಕೇಳಿದರು. ಇದೆ ಎಂದೆ. ನಿಲ್ಲಲಾಗದೆ ಒಳಗೆ ಹೋದೆ.

ಬೂಟಮ್ಮ ಬುಟ್ಟಿಗೆ ಬೆಡ್‌ಶೀಟ್ ಹಾಕಲು ಬಂದಾಗ ಬಾಗಿಲು ಹಾಕಿ ಪ್ಯಾಕೆಟ್ಟುಗಳನ್ನು ಕೈಗಿಟ್ಟೆ. ಅವಳು ಅದರ ಮೇಲೆ ಕೈಯಾಡಿಸಿದಳು. ಅವಳು ಥ್ಯಾಂಕ್ಸ್ ಹೇಳುವ ಮೊದಲೇ ನಾನು ಎಲ್ಲ ಹೇಳಿಬಿಟ್ಟೆ. ಗೆರೆಯ ಗುಟ್ಟು, ಮೂರು ರಾತ್ರಿ, ಗುರುವಾರ ನಾನು ಆಫೀಸಿನಲ್ಲಿ ಆಡಿದ ಮಾತು, ಬೆಂಚಿನ ಮೇಲೆ ಕೂತಿರುವ ಅಜ್ಜಿ.

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕೈಯಲ್ಲಿದ್ದ ಬೆಡ್‌ಶೀಟನ್ನು ಬಿಡಿಸಿ, ನಾಲ್ಕು ಗೆರೆಯನ್ನೂ ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದಳು.

"ಇದರ ಮೇಲೆ ಮಲಗಿದ್ದಿದ್ರೆ ಹಾಸಿಗೆ ಹೋಗ್ತಿತ್ತು, ಮಲಗದೇ ಇದ್ದಿದ್ದಕ್ಕೂ ಹೋಗುತ್ತೆ," ಎಂದಳು. ಯಾರ ಮೇಲೂ ಸಿಟ್ಟಿಲ್ಲದ ದನಿ. "ಅಕ್ಕ, ಹೊರಗಡೆ ಇದ್ದಾಗ ಇದಕ್ಕಿಂತ ಕಷ್ಟ. ಅಲ್ಲಿ ನಲ್ಲಿ ಕೂಡ ಇಲ್ಲ. ನಾನು ಹೋಗಲ್ಲ."

"ನಾನು ಹೇಳಲಾ ಸಾರ್‌ಗೆ?"

"ಬೇಡ. ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ."

ಡಬಡಬ ಎಂದು ಬೂಟಿನ ಸದ್ದು ಮಾಡುತ್ತಾ ಅವಳು ಮುಂದೆ, ನಾನು ಹಿಂದೆ. ಬೆಂಚಿನ ಅಜ್ಜಿ ಕಾಲು ಮಡಚಿ ದಾರಿ ಬಿಟ್ಟರು. ಆಫೀಸಿನ ಬಾಗಿಲು ಹಾಕುವ ಗೋಜಿಗೆ ಅವಳು ಹೋಗಲಿಲ್ಲ.

"ಸಾರ್, ನಂಗೆ ಸೋಮವಾರ ಮುಟ್ಟಾಯ್ತು," ಎಂದಳು. "ಹಾಕ್ಕೊಳ್ಳೋಕೆ ಏನೂ ಇರಲಿಲ್ಲ. ಹಾಸಿಗೆಗೆ ರಕ್ತ ಆದ್ರೆ ಕಳಿಸ್ತೀರ ಅಂತ ನೆಲದ ಮೇಲೆ ಮಲಗಿದೆ. ಐದು ರಾತ್ರಿ. ಎಲ್ಲೂ ಹೋಗಿಲ್ಲ."

ಮ್ಯಾನೇಜರ್ ಮುಖ ಕೆಂಪೇರಿತು. ಮೇಜಿನ ಮೇಲಿದ್ದ ಪೆನ್ನುಗಳನ್ನು ಸಾಲಾಗಿ ಜೋಡಿಸಿದರು, ಮತ್ತೆ ಕೆಡಿಸಿದರು. ಅವರಿಗೆ ಮನೆಯಲ್ಲಿ ಹೆಂಡತಿ ಇದ್ದಾರೆ, ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅವರ ಜೀವನದಲ್ಲಿ ಯಾರೂ ಆ ಮಾತನ್ನು ಅವರ ಮುಖ ನೋಡಿ ಹೇಳಿರಲಿಲ್ಲ ಎಂದು ಕಾಣುತ್ತದೆ.

"ನಂಗೆ ಯಾರೂ ಹೇಳಲಿಲ್ಲ," ಎಂದರು ಕೊನೆಗೆ.

"ನೀವೂ ಕೇಳಲಿಲ್ಲ ಸಾರ್, ನಾನೂ ಕೇಳಲಿಲ್ಲ," ಎಂದೆ. "ಇಪ್ಪತ್ತೆರಡು ಜನ ಹೆಂಗಸರಿರೋ ಮನೆ. ಕಪಾಟು ತೆಗೆದರೆ ಗಡ್ಡದ ಬ್ಲೇಡು."

ಬಾಗಿಲಾಚೆ ಬೆಂಚಿನಿಂದ ಅಜ್ಜಿಯ ದನಿ ಬಂತು. "ಹಾಗಾದ್ರೆ ನಾನು ಇವತ್ತು ಹೋಗ್ತೀನಿ ಬಿಡಪ್ಪ. ಆ ಹುಡುಗಿ ಇರಲಿ. ನಂಗೆ ಆ ಕಷ್ಟ ಮುಗಿದು ಇಪ್ಪತ್ತು ವರ್ಷ ಆಯ್ತು, ಸ್ಟೇಷನ್ ಆದ್ರೂ ನಡೆಯುತ್ತೆ. ನನ್ನ ಹೆಸರು ಪಟ್ಟಿಯಿಂದ ಮಾತ್ರ ಹೊಡೀಬೇಡ." ನಾವು ಹೊರಗೆ ಬರುವಷ್ಟರಲ್ಲಿ ಅವರು ಚೀಲ ಹೆಗಲಿಗೇರಿಸಿದ್ದರು. ಬೂಟಮ್ಮ ಗೇಟಿನವರೆಗೆ ಅವರ ಚೀಲ ಹೊತ್ತು ಹೋದಳು. ಒಬ್ಬಳಿಗೆ ಹಾಸಿಗೆ ಉಳಿದ ಸಂತೋಷವನ್ನು ಇನ್ನೊಬ್ಬರ ಬೆನ್ನು ನೋಡುತ್ತಾ ಅನುಭವಿಸುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ.

ಮ್ಯಾನೇಜರ್ ಅಂದೇ ಮಧ್ಯಾಹ್ನ ಹೋಗಿ ಎರಡು ದೊಡ್ಡ ಪೆಟ್ಟಿಗೆ ಪ್ಯಾಡು ತಂದರು. ಆಫೀಸಿನ ಕಪಾಟಿಗೆ ಇಡಲು ಹೊರಟವರನ್ನು ತಡೆದು, ಮೇಲಿನ ಬಚ್ಚಲುಮನೆಯಲ್ಲಿ ಇಡಿಸಿದೆ. ಯಾರೂ ಯಾರನ್ನೂ ಕೇಳುವ ಹಾಗಿರಬಾರದು, ಸಹಿ ಗಿಹಿ ಬೇಡ ಎಂದೆ. ಅವರು ತಲೆಯಾಡಿಸಿದರು. ಪಕ್ಕದಲ್ಲಿ ಮುಚ್ಚಳದ ಡಬ್ಬಿ, ಹಳೆಯ ಪೇಪರು. ಹಾಸಿಗೆಗಳಿಗೆ ರಬ್ಬರ್ ಶೀಟು ಬೇಕೆಂದು ಬರೆದುಕೊಂಡರು. ಊಟದ ಕೋಣೆಗೆ ಹೋಗಿ ಕುರ್ಚಿ ಹತ್ತಿ ನಾಲ್ಕನೇ ನಿಯಮದ ಮೇಲೆ ತಾವೇ ಬಿಳಿ ಬಣ್ಣ ಬಳಿದರು. ಬಣ್ಣ ಸೋರಿ ಐದನೆಯದಕ್ಕೂ ಒಂದಿಷ್ಟು ತಾಗಿತು. ಅವರು ಅದನ್ನು ಒರೆಸಲು ಹೋಗಲಿಲ್ಲ, ಒಂದು ಗಳಿಗೆ ನಿಂತು ನೋಡಿ ಅದರ ಮೇಲೂ ಬಳಿದರು.

ನಾಲ್ಕು ಗಂಟೆಗೆ, ಹೆಂಗಸರು ಬರುವ ಮೊದಲು, ಅವರು ನನ್ನನ್ನು ಕರೆದರು. ಮೇಜಿನ ಮೇಲೆ ಆ ಸಣ್ಣ ಪುಸ್ತಕ ಬಿಚ್ಚಿಟ್ಟಿತ್ತು.

"ಅಕ್ಕ, ಇದರಲ್ಲಿ ನಲವತ್ತೊಂದು ನಂಬರಿದೆ," ಎಂದರು. "ಎಲ್ಲಾ ನೀವು ಹೇಳಿದ್ದು, ನಾನು ಬರೆದಿದ್ದು."

ನಾನು ಕುರ್ಚಿ ಎಳೆದುಕೊಂಡು ಕೂತೆ. ಆಫೀಸಿನಲ್ಲಿ ನಾನು ಕೂತದ್ದು ಅದೇ ಮೊದಲು.

ನಲವತ್ತೊಂದರಲ್ಲಿ ಎಷ್ಟು ಜನ ನಿಜವಾಗಿ ಹಿಂದಿನ ಮೆಟ್ಟಿಲಿಳಿದು ಹೋಗಿದ್ದರು? ಎಷ್ಟು ಜನ ಗೋಡೆಯ ಪಕ್ಕ ನೆಲದ ಮೇಲೆ ಬಿದ್ದಿದ್ದರು? ಬಟ್ಟೆ ಸುಳ್ಳು ಹೇಳಿರಲಿಲ್ಲ. ಮೂರು ರಾತ್ರಿ ಯಾರೂ ಮಲಗಿಲ್ಲ ಎಂದಷ್ಟೇ ಅದು ಹೇಳಿತ್ತು. ಉಳಿದದ್ದೆಲ್ಲ ನಾನು ಸೇರಿಸಿದ್ದು. ಆರನೇ ನಂಬರಿನ ಒಬ್ಬ ಹುಡುಗಿಯ ನೆನಪು ಬಂತು. ಇಪ್ಪತ್ತು ವರ್ಷವೂ ಆಗಿರಲಿಲ್ಲ, ಎರಡು ಜಡೆ. ಅವಳನ್ನು ಕಳಿಸುವ ದಿನ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು, ನಾನು ಇಲ್ಲೇ ಇದ್ದೆ ಅಕ್ಕ, ಎಲ್ಲೂ ಹೋಗಿಲ್ಲ ಅಕ್ಕ, ಎಂದಿದ್ದಳು. ಹಾಗಾದರೆ ಹಾಸಿಗೆ ಮೇಲೆ ಯಾಕೆ ಮಲಗಲಿಲ್ಲ ಎಂದು ನಾನು ಕೇಳಿದ್ದೆ. ಅವಳು ಉತ್ತರ ಕೊಡದೆ ನೆಲ ನೋಡಿದ್ದಳು. ನೋಡಿದೆಯಾ, ಉತ್ತರವಿಲ್ಲ, ಎಂದು ನಾನು ಕೈ ಬಿಡಿಸಿಕೊಂಡಿದ್ದೆ.

"ಅವರನ್ನೆಲ್ಲ ಕರೆಸಿ ಸಾರ್," ಎಂದೆ. "ಒಬ್ಬೊಬ್ಬರನ್ನೇ ಕೇಳೋಣ. ಕಾಗದ ಬರೀರಿ. ಅವರ ವಿಳಾಸ ಬರೆದಿಟ್ಟಿರ್ತೀರಲ್ಲ."

ಮ್ಯಾನೇಜರ್ ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಪ್ರತಿ ನಂಬರಿನ ಎದುರು ಒಂದು ಹೆಸರು, ಒಂದು ತಾರೀಖು, ಅದರಾಚೆ ಖಾಲಿ.

"ವಿಳಾಸ ಇದ್ದಿದ್ರೆ ಅವರು ಇಲ್ಲಿಗೆ ಯಾಕೆ ಬರ್ತಿದ್ರು ಅಕ್ಕ," ಎಂದರು.